ಗ್ರಾನೋಲಾ ಮಡಿ

ಅಮೆರಿಕದಲ್ಲಿ ಮಡಿ-ಮೈಲಿಗೆಯ ರಗಳೆ ಇಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ನಿಟ್ಟೂರಿನ ನಮ್ಮ ಆಯಿ ಮಿಶಿಗನ್ನಿನ ವಿಮಾನ ಹತ್ತಿದ್ದಳು. ಹೊಸನಗರ ಸೀಮೆಯ ಮಳೆಗಾಲದಲ್ಲಿ ಮಡಿಬಟ್ಟೆ ಒಣಗಿಸಿದವರಿಗೆ ಮಾತ್ರ ಆ ಸಂತೋಷದ ಆಳ ಗೊತ್ತು.

ಬಂದ ಮರುದಿನ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಗ್ರಾನೋಲಾ ಡಬ್ಬಿ ಕಂಡವು. “ಎಂತಾ ಮಾಣಿ ಇದು? ನಾಲ್ಕೂ ಒಂದೇ ನಮೂನೆ ಕಾಣ್ತು.”

ಓಟ್ಸ್, ಬಾದಾಮಿ, ಜೇನುತುಪ್ಪ, ಎಣ್ಣೆ ಕಲಸಿ ಓವನ್ನಿನಲ್ಲಿ ಹುರಿದರೆ ಗ್ರಾನೋಲಾ. ಎಲ್ಲರೂ ಅದನ್ನೇ ತಿನ್ನುವುದಾಗಿದ್ದರೆ ಒಂದು ಡಬ್ಬಿ ಸಾಕಿತ್ತು. ಆದರೆ ಹೆಂಡತಿ ವೀಗನ್. ಜೇನು ಹುಳದ ಸೊತ್ತು, ಮುಟ್ಟುವಂತಿಲ್ಲ. ಮಗಳಿಗೆ ಸೀಲಿಯಾಕ್, ಗೋಧಿ ಕಂಡರೆ ಅವಳ ಕರುಳು ಮುಷ್ಕರ ಹೂಡುತ್ತದೆ. ಓಟ್ಸ್ ಗೋಧಿಯಲ್ಲ, ನಿಜ. ಆದರೆ ಗೋಧಿಯ ಹೊಲ, ಗೋಧಿಯ ಗಿರಣಿಯ ಸಹವಾಸ ಮಾಡಿ ಬಂದಿರುತ್ತದಾದ್ದರಿಂದ ಅದರ ನಡತೆಗೆ ಪ್ರಮಾಣಪತ್ರ ಬೇಕು. ವಾರಾಂತ್ಯಕ್ಕೆ ಬರುವ ಭಾವಮೈದ ಪೇಲಿಯೋ. ಬೇಸಾಯ ಶುರುವಾಗುವ ಮೊದಲು ಮನುಷ್ಯ ತಿಂದದ್ದನ್ನಷ್ಟೇ ತಿನ್ನುವವನು. ಧಾನ್ಯ, ಬೇಳೆ, ಹಾಲು, ಮೊಸರು ವರ್ಜ್ಯ. (ತರಿಸಿಕೊಳ್ಳುವುದು ಮಾತ್ರ ಫೋನಿನಲ್ಲಿ.) ನಾನು ಕೀಟೋ. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್ ನನ್ನ ರೇಷನ್ನು; ಅಂಗಡಿಯ ಗ್ರಾನೋಲಾ ಒಂದು ದೊಡ್ಡ ಬಟ್ಟಲು ತಿಂದರೆ ಬೆಳಗಿನ ಎಂಟಕ್ಕೇ ಕಾರ್ಡು ಮುಗಿಯಿತು. ಹಾಗಾಗಿ ನನ್ನ ಡಬ್ಬಿಯಲ್ಲಿ ಓಟ್ಸೂ ಇಲ್ಲ, ಸಿಹಿಯೂ ಇಲ್ಲ. ಕೊಬ್ಬರಿ, ಬಾದಾಮಿ, ಸಿಹಿಗುಂಬಳದ ಬೀಜ, ಅಷ್ಟೇ. ಇರಬೇಕಾದ್ದನ್ನೆಲ್ಲ ತೆಗೆದದ್ದಕ್ಕೆ ಎರಡು ಪಟ್ಟು ಬೆಲೆ.

ಮಗಳ ಡಬ್ಬಿಗೆ ಬೇರೆ ಚಮಚ ಹಾಕಬಾರದೆನ್ನುವುದನ್ನು ಸ್ನೇಹಿತರಿಗೆ ತಿಳಿಸಿ ಹೇಳುವಷ್ಟರಲ್ಲಿ ನಮಗೆ ಸಾಕುಸಾಕಾಗುತ್ತದೆ. ಆಯಿಗೆ ವಿವರಣೆ ಪೂರ್ತಿ ಬೇಕಾಗಲೇ ಇಲ್ಲ. “ಮುಸುರೆ ಅಲ್ದಾ ಇದು!” ಎಂದಳು. ತವರುಮನೆಯವರು ಸಿಕ್ಕಷ್ಟು ಖುಷಿ ಮುಖದಲ್ಲಿ.

ಅವತ್ತಿನಿಂದ ಅಡುಗೆಮನೆ ಅವಳ ವಶ. ನಾಲ್ಕು ಚಮಚಕ್ಕೆ ನಾಲ್ಕು ಬಣ್ಣದ ದಾರ ಬಿತ್ತು. ಹೆಂಡತಿಯ ಡಬ್ಬಿಗೆ ಮೇಪಲ್ ಪಾಕದ ಬದಲು ಊರಿಂದ ತಂದ ಜೋನಿಬೆಲ್ಲ ಬಂತು. ಭಾವಮೈದ ಆಸೆಯಿಂದ ಮೊಸರಿಗೆ ಕೈ ಚಾಚಿದರೆ, “ನೀನು ಮುಟ್ಟಲಾಗ” ಎಂದು ಪಾತ್ರೆ ಒಳಗೆ ಹೋಯಿತು. ಊರಲ್ಲಿ ಮಡಿಗೆ ಅಪವಾದಗಳಾದರೂ ಇದ್ದವು. ಪ್ರಯಾಣದಲ್ಲಿ, ಕಾಯಿಲೆಯಲ್ಲಿ ನಡೆಯುತ್ತಿತ್ತು. ಇಲ್ಲಿ ಭಾವಮೈದ ವಿಮಾನದಲ್ಲೂ ಡಬ್ಬಿ ಬಿಚ್ಚುವವನು.

ಈ ತಿಂಡಿ ಹುಟ್ಟಿದ್ದೂ ಒಂದು ಥರದ ಮಡಿಯಲ್ಲೇ. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯ ತನ್ನ ಜಲಚಿಕಿತ್ಸಾಲಯದ ರೋಗಿಗಳಿಗೆ ‘ಗ್ರಾನ್ಯುಲಾ’ ಮಾಡಿಕೊಟ್ಟ. ರಾತ್ರಿಯಿಡೀ ಹಾಲಿನಲ್ಲಿ ನೆನೆಸದಿದ್ದರೆ ಹಲ್ಲಿಗೆ ಬಗ್ಗದ ಪದಾರ್ಥ. ನಮ್ಮ ಮಿಶಿಗನ್ನಿನದೇ ಬ್ಯಾಟಲ್ ಕ್ರೀಕ್‌ನ ಡಾ. ಜಾನ್ ಹಾರ್ವಿ ಕೆಲಾಗ್ ಅದೇ ಹೆಸರಲ್ಲಿ ತನ್ನದೊಂದು ತಯಾರಿಸಿದ; ತಕರಾರು ಬಂದಾಗ ‘ಗ್ರಾನೋಲಾ’ ಎಂದು ತಿದ್ದಿಕೊಂಡ. ಅವನ ಆರೋಗ್ಯಧಾಮದಲ್ಲಿ ಮಾಂಸ, ಮದ್ಯ, ಮಸಾಲೆ, ಚಹಾ, ಕಾಫಿ ಎಲ್ಲ ನಿಷಿದ್ಧ. ಮದ್ಯ ಮಾಂಸದವರೆಗೆ ಆಯಿ ಕೈಮುಗಿಯುವ ಭಾವದಲ್ಲೇ ಕೇಳಿದಳು.

“ಕಾಪಿಯೂ ಇಲ್ಯಾ?”

ಇಲ್ಲ ಎಂದೆ. ಕೆಲಾಗ್ ಅಲ್ಲಿಗೆ ಮುಗಿದ.

ಕೊನೆಗೆ ನನ್ನ ಡಬ್ಬಿಯ ಸರದಿ. ಮೂಸಿ, ಎರಡು ಚೂರು ಬಾಯಿಗೆ ಹಾಕಿ, “ಯಾರೋ ಹುರಿದು ಅರ್ಧಕ್ಕೇ ಬಿಟ್ಟಿದ್ದ” ಎಂದು ತೀರ್ಪು ಕೊಟ್ಟಳು. ಮಾರನೇ ದಿನ ಏಳುವಷ್ಟರಲ್ಲಿ ಅದಕ್ಕೆ ಬ್ಯಾಡಗಿ ಮೆಣಸು, ಕರಿಬೇವು, ಹುಣಸೆಹಣ್ಣು, ಉಪ್ಪು ಬಿದ್ದು ಮಿಕ್ಸಿಯಲ್ಲಿ ಒಂದು ಸುತ್ತು ಬಂದಾಗಿತ್ತು. ಚಟ್ನಿಪುಡಿ. ಪೇಲಿಯೋದವನಿಗಾಗಿ ಬೇಳೆ ಹಾಕಿರಲಿಲ್ಲ. ನನಗಾಗಿ ಬೆಲ್ಲ ಹಾಕಿರಲಿಲ್ಲ. ಇಂಗಿನ ಡಬ್ಬಿಯ ಮೇಲೆ ಗೋಧಿಹಿಟ್ಟು ಎಂದು ಬರೆದದ್ದನ್ನು ಮೊಮ್ಮಗಳ ಹತ್ತಿರ ಓದಿಸಿ ಅದನ್ನೂ ಬಿಟ್ಟಿದ್ದಳು. ವೀಗನ್ನರ ಆಕ್ಷೇಪಣೆಗೆ ಅದರಲ್ಲಿ ಜಾಗವೇ ಇರಲಿಲ್ಲ. ನಾಲ್ಕೂ ಮಡಿಗೆ ಸಲ್ಲುವ ಪದಾರ್ಥ ನಮ್ಮ ಮನೆಯಲ್ಲಿ ಅದೇ ಮೊದಲು.

ಹೆಂಡತಿ, ಮಗಳು ಬಿಸಿ ಅನ್ನಕ್ಕೆ ಕೊಬ್ಬರಿ ಎಣ್ಣೆ ಹಾಕಿ ಕಲಸಿಕೊಂಡರು. ಅನ್ನ ನಿಷಿದ್ಧವಾದ ನಾನೂ ಭಾವಮೈದನೂ ಕಣ್ಣಲ್ಲಿ ನೀರು ತುಂಬಿಕೊಂಡು ಬರೀ ಪುಡಿ ಮುಕ್ಕಿದೆವು, ಅವರವರ ಬಣ್ಣದ ಚಮಚದಲ್ಲಿ.