ಬೋರೇಗೌಡ ಬೇರೆ, ಬೋರೆಗೌಡ ಬೇರೆ

ಪಾಂಡವಪುರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಪೇಪರ್‌ವೇಟ್ ಹೊತ್ತು ಕೂತಿದ್ದವರು ಶ್ರೀಮಾನ್ ಪಹಣಿ, ಅಂದರೆ ಜಮೀನಿನ ದಾಖಲೆ. ಕರೆಂಟ್ ಹೋಗಿತ್ತು. ಬೆಂಗಳೂರಿನಲ್ಲಿ ಕೋಡ್ ಬರೆದು ಬದುಕುವ ನನಗೂ, ಅವರಿಗೂ ಪುರುಸೊತ್ತಿತ್ತು.

ಕೈಬರಹದ ಕಾಲ ಚೆನ್ನಾಗಿತ್ತೋ, ಕಂಪ್ಯೂಟರ್ ಕಾಲವೋ?

ಮುಂಚೆ ಗ್ರಾಮ ಲೆಕ್ಕಿಗರ ಕಂಕುಳಲ್ಲಿರ್ತಿದ್ದೆ. ಅವರು ಸಿಕ್ಕಿದ್ರೆ ನಾನು ಸಿಕ್ಕಂಗೆ. ರಾಜ್ಯಕ್ಕೆಲ್ಲ ಅಂಥೋರು ಸುಮಾರು ಒಂಬತ್ತು ಸಾವಿರ ಜನ. ಆಮೇಲೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯೋರು 'ಭೂಮಿ' ತಂತ್ರಾಂಶ ಬರೆದ್ರು. 67 ಲಕ್ಷ ರೈತರ 2 ಕೋಟಿ ದಾಖಲೆ ಒಳಕ್ಕೋಯ್ತು, ಆಗ 15 ರೂಪಾಯಿ ಕೊಟ್ರೆ ಪ್ರಿಂಟು ಸಿಕ್ತಿತ್ತು. ದೊಡ್ಡ ಕೆಲಸನೇ ಕಣಪ್ಪ, ಇಲ್ಲ ಅನ್ನಂಗಿಲ್ಲ.

ಖಾತೆ ಬದಲಾವಣೆಗೂ 'ಮೊದಲು ಬಂದದ್ದು ಮೊದಲು' ಅಂತ ಕಟ್ಟಿದರಲ್ಲ? ನಾವು ಕಾಲೇಜಲ್ಲಿ ಓದಿದ ಮೊದಲ ಅಲ್ಗಾರಿದಂ ಅದು.

ಅರ್ಜಿಗೆ ನಂಬರ್ ಬಿದ್ಮೇಲೆ ಯಾರೂ ಮುಂದಕ್ಕೆ ನುಗ್ಗಂಗಿಲ್ಲ. ನಂಬರ್ ಬೀಳೋಕೆ ಮುಂಚೆ ಹೊರಗಡೆ ಟೀ ಅಂಗಡೀಲಿ ಏನಾಯ್ತದೆ ಅನ್ನೋದು ನಿನ್ನ ಅಲ್ಗಾರಿದಮ್ಮಿಗೆ ಕಾಣಾಕಿಲ್ಲ.

ಈಗಿನ ಕಷ್ಟವೇನು?

ಒಂದು ದೀರ್ಘ. ನನ್ನ ಕಾಲಂ 9ರಲ್ಲಿ ಬೋರೇಗೌಡ ಅಂತದೆ, ಆಧಾರಲ್ಲಿ ಬೋರೆಗೌಡ. ಆಳು ಒಬ್ನೇ, ಹೊಲ ಒಂದೇ, ಮೀಸೇನೂ ಅದೇ. ಕಂಪ್ಯೂಟರ್ ಒಪ್ಪಾಕಿಲ್ಲ. ಈ ಊರಿಗೇ ಮೂರು ಹೆಸರು: ಹಿರೋಡೆ, ಟಿಪ್ಪು ಕಾಲದ ಫ್ರೆಂಚ್ ಪಡೆಯಿಂದ ಫ್ರೆಂಚ್ ರಾಕ್ಸ್, ಈಗ ಪಾಂಡವಪುರ. ಊರಿಗೆ ಮೂರು ಉರುಫ್ ಇರಬೌದು, ಗೌಡಂಗೆ ಒಂದು ದೀರ್ಘ ಜಾಸ್ತಿ ಆಗಂಗಿಲ್ವಾ?

(ಪಹಣಿಗೆ ನಾನು ಹೇಳದೆ ಉಳಿದದ್ದೊಂದಿದೆ. ಯೂನಿಕೋಡ್‌ನಲ್ಲಿ 'ರೇ'ಯ ಏತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವಕ್ಕೆ ದೀರ್ಘ ಅಂಟಿಸಿ ಎರಡಾಗಿಯೂ ಇಡಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ. ಎರಡನ್ನೂ ಮೊದಲು ಒಂದು ರೂಪಕ್ಕೆ ತಾರದ ಪ್ರೋಗ್ರಾಮಿಗೆ ಮಾತ್ರ ಇಬ್ಬರು ಬೋರೇಗೌಡರು. ಹೇಳಿದ್ದರೆ ಪಹಣಿ ಅಲ್ಲೇ ತಮ್ಮನ್ನು ತಾವೇ ಹರಿದುಕೊಳ್ಳುತ್ತಿದ್ದರು.)

ಉಚ್ಚಾರ ಹತ್ತಿರವಿರುವ ಹೆಸರಿಗೆಲ್ಲ ಒಂದೇ ಕೋಡ್ ಕೊಡುವ ಸೌಂಡೆಕ್ಸ್‌ಗೆ ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಸಿಕ್ಕಿದೆ.

ಅದು ಇಂಗ್ಲಿಷ್ ಹೆಸರಿಗೆ. ನಮ್ಮ ಹ್ರಸ್ವ, ದೀರ್ಘ, ಒತ್ತಕ್ಷರಕ್ಕೆ ನೀನೇ ಒಂದು ಬರಿ. ಬರೀತೀಯ?

ಈ ಸ್ಪ್ರಿಂಟ್ ಮುಗಿಯಲಿ…

ನೋಡ್ದಾ!

ಬ್ಲಾಕ್‌ಚೈನ್? 2020ರಲ್ಲಿ ಎನ್‌ಐಸಿ ಬೆಂಗಳೂರಲ್ಲೇ ಅದಕ್ಕೊಂದು ಕೇಂದ್ರ ತೆರೆಯಿತು. ಬ್ಲಾಕ್‌ಚೈನ್‌ನಲ್ಲಿ ಬರೆದದ್ದನ್ನು ಯಾರೂ ತಿದ್ದಲಾರರು.

ತಪ್ಪು ಹೆಸರನ್ನ ಯಾರೂ ತಿದ್ದದಂಗೆ ಕಾಪಾಡೋದು ತಾನೆ? ಅದನ್ನ ನಾವು ಕಾಗದದಲ್ಲೇ ಮಾಡ್ತಿದ್ವಿ.

ಹೋಗಲಿ, ಎಐ?

ಅದಕ್ಕೆ ಬೋರೇಗೌಡ ಸಿಗದಿದ್ರೆ ತಾನೇ ಒಬ್ಬ ಬೋರೇಗೌಡನ್ನ ಹುಟ್ಟಿಸಿಬುಡ್ತದಂತೆ. ಆಮೇಲೆ ಅವನಿಗೆ ವಂಶವೃಕ್ಷ ಯಾರು ಬರೆಸೋರು?

ನಿಮ್ಮಲ್ಲಿ ಎಂದೂ ತೊಂದರೆ ಕೊಡದ ಕಾಲಂ ಯಾವುದು?

11. ಅದು ಸಾಲದ ಕಾಲಂ. ದೀರ್ಘ ಇರಲಿ, ಬಿಡಲಿ, ಬ್ಯಾಂಕಿನೋರಿಗೆ ಬೋರೇಗೌಡ ಒಂದೇ ಏಟಿಗೆ ಸಿಕ್ತಾನೆ.

ಕರೆಂಟ್ ಬಂತು, ಪ್ರಿಂಟರ್ ಕೆಮ್ಮಿತು, ಸಂದರ್ಶನ ಅಲ್ಲಿಗೆ ನಿಂತಿತು. ಓದುಗರೇ, ಮುಂದಿನ ಸಲ ಪಹಣಿ ತೆಗೆಸಿದಾಗ ಅಂಗಡಿಯಿಂದ ಇಳಿಯುವ ಮೊದಲೇ ಕಾಲಂ 9ರ ಹೆಸರನ್ನು ಆಧಾರ್ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ತಿದ್ದುಪಡಿಗೆ ಈಗಲೇ ಅರ್ಜಿ ಕೊಡಿ, ಭಾಗ ಆಗುವ ದಿನದವರೆಗೆ ಕಾಯಬೇಡಿ.