ಗುದ್ದು ತಿಂದ ಬೆಳ್ಳಿ

(ಚಲಾವಣೆಯಲ್ಲಿದ್ದ ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಅಸಲಿ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದರೂ ಆ ಸುದ್ದಿ ನಮ್ಮ ಹರಪನಹಳ್ಳಿಯ ಚಹಾದಂಗಡಿ ತಲುಪಿಲ್ಲ. ‘ನಡೆಯಲ್ಲ’ ಎಂದರೆ ನಡೆಯಲ್ಲ. ಇಂಥ ಅವಮಾನದಲ್ಲಿ ಪಳಗಿದ ಹಿರಿಯರೆಂದು ಮೌರ್ಯರ ಕಾಲದ ಬೆಳ್ಳಿ ನಾಣ್ಯ ಕಾರ್ಷಾಪಣವನ್ನು ಮಾತಾಡಿಸಿದೆವು.)

ನಾವು: ಅಜ್ಜಾ, ನಿಮ್ಮನ್ನೂ ಹಿಂಗ ವಾಪಸ್ ಕಳಿಸ್ತಿದ್ರಾ?

ಕಾರ್ಷಾಪಣ: ಕೇಳಬ್ಯಾಡ. ತೂಕ 32 ಗುಲಗಂಜಿ, ಮೈಮ್ಯಾಲೆ ಐದು ಮುದ್ರಿ, ಸೂರ್ಯ ಐತಿ, ಬೆಟ್ಟ ಐತಿ. ಆದ್ರೂ ಚಿನಿವಾರರು ನಂಬಲಿಲ್ಲ. ಕೈಗೆ ಸಿಕ್ಕಾಗೆಲ್ಲಾ ಬೋರಲು ಹಾಕಿ ಬೆನ್ನಿಗೆ ತಮ್ಮದೊಂದು ಗುದ್ದು.

ನಾವು: ಮುದ್ರೆ ಅಂದ್ರಿ, ನೆನಪಾತು. ಹರಪನಹಳ್ಳಿಗೆ 1997ರಾಗ ದಾವಣಗೆರೆ ಜಿಲ್ಲೆಯ ಮುದ್ರೆ, 2018ರಾಗ ಬಳ್ಳಾರಿದು, 2021ರಾಗ ವಿಜಯನಗರದ್ದು...

ಕಾರ್ಷಾಪಣ: ಮೂರೇ ಗುದ್ದಿಗೆ ಇಷ್ಟು ಅಳ್ತಿ? ನನ್ನ ಬೆನ್ನು ನೋಡು.

ನಾವು: ನಾಣ್ಯ ಮೊದಲು ಮಾಡಿದ್ದು ತಾವೇ ಅಂತ ಲಿಡಿಯಾದವರು...

ಕಾರ್ಷಾಪಣ: ಅವರದು ಬಂಗಾರ-ಬೆಳ್ಳಿ ಬೆರಕಿ. ಎರಡನ್ನೂ ಬಿಡಿಸಿ ಬ್ಯಾರೆ ನಾಣ್ಯ ಮಾಡಿದ್ದು ಕ್ರಿ.ಪೂ. 6ನೇ ಶತಮಾನದ ಕ್ರೀಸಸ್. ಅವನ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರೋದು ಆ ರೋಮಿನ ದಿನಾರಿ ಮ್ಯಾಲೆ. ಚಂದ್ರವಳ್ಳಿ ಅಗೆದಾಗ ಸಿಕ್ತು, ಮುಖ ಐತಿ ಅಂತ ಮೆರೀತು. ನನಗ ಮುಖ ಇಲ್ಲ, ಬರೇ ಬೆನ್ನು.

ನಾವು: ಈಗ ಬೆಳ್ಳಿ ರೇಟು ಕೇಳಿದ್ರ ಕಾಲುಂಗುರಕ್ಕೂ ಎದೆ ಝಲ್ ಅಂತೈತಿ. ನಿಮಗ ಹೆಮ್ಮೆ ಅನಿಸಲ್ವಾ?

ಕಾರ್ಷಾಪಣ: ಆ ಚಿನಿವಾರನ ಉಳಿ ಎಷ್ಟು ಚೂಪಿತ್ತು ಗೊತ್ತೇನು?

ನಾವು: ಹೋಗ್ಲಿ. ನೀವು ಸೀಸದ ಹೊಟ್ಟ್ಯಾಗ ಹುಟ್ಟಿದವರಂತೆ?

ಕಾರ್ಷಾಪಣ: ಹೌದು. ಸೀಸದ ಅದಿರು ಕಾಸಿ ಸೀಸ ಇಳಿಸಬೇಕು. ಅದನ್ನ ಬೂದಿ ಹಾಸಿದ ಕುಲುಮ್ಯಾಗ ಇಟ್ಟು ತಿದಿ ಒತ್ತಿದ್ರ, ಸೀಸ ಗಾಳಿಗೆ ಬೆಂದು ಬೂದಿಗೆ ಇಂಗತೈತಿ, ಬೆಳ್ಳಿ ಒಂದು ಗುಂಡಿನಷ್ಟು ಉಳೀತೈತಿ. ತಿದಿ ಒತ್ತಿದವನ ಎದಿಯೊಳಗೆ ಏನು ಉಳೀತು ಅಂತ ಯಾರೂ ಕೇಳಲಿಲ್ಲ. ಅಥೆನ್ಸಿನವರು ಲೌರಿಯೋನ್ ಗಣಿಯಾಗ ಸಾವಿರಾರು ಗುಲಾಮರನ್ನ ಇಳಿಸಿದ್ರು. ಆ ಬೆಳ್ಳಿಯಿಂದ ಯುದ್ಧದ ಹಡಗು ಕಟ್ಟಿದ್ರು, ಇತಿಹಾಸದಾಗ ಹಡಗಿನ ಸುದ್ದಿ ಬಂತು. ರೋಮಿನವರ ಕುಲುಮಿ ಹೊಗಿಯ ಸೀಸ ಇವತ್ತಿಗೂ ಗ್ರೀನ್‌ಲ್ಯಾಂಡಿನ ಹಿಮದಾಗ ಸಿಗತೈತಿ. ರಾಜಸ್ಥಾನದ ದರೀಬಾದಾಗ ಎರಡು ಸಾವಿರ ವರ್ಷದ ಹಿಂದೆಯೇ ನೂರಾರು ಅಡಿ ಕೆಳಗೆ ಜನ ಇಳಿದ್ರು. ಯಾರವರು? ನನ್ನ ಮೈಮ್ಯಾಲೆ ಬೆಟ್ಟದ ಗುರುತು ಒತ್ತಿದ್ರು. ಬೆಟ್ಟ ಅಗೆದವನ ಗುರುತು ಎಲ್ಲೈತಿ?

ನಾವು: ಅದು ಆಗಿನ ಕಾಲ...

ಕಾರ್ಷಾಪಣ: ಯಾವ ಕಾಲ? ಸಂಡೂರಿನ ಗುಡ್ಡದಾಗ ಸುತ್ತಿಗಿ ಹಿಡಿದು ಅದಿರು ಒಡೆದ ಹುಡುಗರು ಮೌರ್ಯರ ಕಾಲದವರಾ? ಎಷ್ಟು ಟನ್ ಅದಿರು ಹೋತು, ಎಷ್ಟು ಕೋಟಿ ನಷ್ಟ ಆತು ಅಂತ 2011ರ ಲೋಕಾಯುಕ್ತ ವರದಿ ಹಿಡಿದು ಕೂಗಾಡಿದ್ರಿ. ಆ ಕೆಂಪು ಧೂಳು ಉಗುಳಿದ ಹುಡುಗರಾಗ ಒಬ್ಬನ ಹೆಸರು ಹೇಳು. ಒಬ್ಬನದು!

ನಾವು: ಅಜ್ಜಾ... ಸಂಡೂರು ಈಗ ನಮ್ಮ ಜಿಲ್ಲೆಗೆ ಬರಲ್ಲ. ಅದು ಬಳ್ಳಾರಿಗೆ.

ಕಾರ್ಷಾಪಣ: ಧೂಳಿಗೆ ಅದು ಗೊತ್ತಿರಲಿಲ್ಲ, ತಮ್ಮಾ.