ಇಬ್ಬರು ಹಿಂದೆ ಹತ್ತಿ ಕೂತ್ಕೊಳ್ರೋ!

ಮಾರ್ಚ್ 4 ಬಂತೆಂದರೆ ಪೀಣ್ಯದ ಕಾರ್ಖಾನೆಗಳಿಂದ ನೆಲಮಂಗಲದ ಗೋಡೌನುಗಳವರೆಗೆ ಹಸಿರು ಬ್ಯಾನರುಗಳು ಏಳುತ್ತವೆ. ರಾಷ್ಟ್ರೀಯ ಸುರಕ್ಷತಾ ದಿನ. ಮ್ಯಾನೇಜರ್ ಸಾಹೇಬರು ಪ್ರತಿಜ್ಞೆ ಬೋಧಿಸುತ್ತಾರೆ, ಕಾರ್ಮಿಕರು ಕೈ ಚಾಚುತ್ತಾರೆ, ಫೋಟೊ ಆಗುತ್ತದೆ. ಆಮೇಲೆ ಫೋರ್ಕ್‌ಲಿಫ್ಟ್ ಓಡಿಸುವವರಿಗೆ ತರಬೇತಿ.

ಪಾಠ ಇಂಗ್ಲಿಷಿನಲ್ಲಿ. ಕೇಳುವವರು ರಾಯಚೂರು, ಬಿಹಾರ, ಒಡಿಶಾದವರು. ಪರದೆಯ ಮೇಲೊಂದು ತ್ರಿಕೋನ ಮೂಡುತ್ತದೆ: ಮುಂದಿನ ಎರಡು ಚಕ್ರ, ಹಿಂದಿನ ಆಕ್ಸಲ್ಲಿನ ನಡುಬಿಂದು. ಗಾಡಿ ಮತ್ತು ಸರಕಿನ ಒಟ್ಟು ಭಾರಕೇಂದ್ರ ಇದರಾಚೆ ಜಾರಿತೋ, ಗಾಡಿ ಮಗುಚಿತು. ಅರ್ಥವಾಯಿತಾ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಊಟದ ಹೊತ್ತಾಗಿದೆ. ರಿಜಿಸ್ಟರಿಗೆ ಸಹಿ.

ಮಧ್ಯಾಹ್ನ ಎರಡು ಟನ್ ಎತ್ತಬಲ್ಲ ಗಾಡಿಯ ಮುಂದೆ ಎರಡೂವರೆ ಟನ್ನಿನ ಪೆಟ್ಟಿಗೆ. ಎತ್ತಿದರೆ ಹಿಂದಿನ ಚಕ್ರವೇ ನೆಲ ಬಿಡುತ್ತದೆ. ಫೋರ್ಕ್‌ಲಿಫ್ಟ್ ತಿರುಗುವುದೇ ಹಿಂಚಕ್ರದಿಂದ. ಅದು ಗಾಳಿಯಲ್ಲಿದ್ದರೆ ಸ್ಟಿಯರಿಂಗು ಬರೀ ಅಲಂಕಾರ. ಸುಪರ್‌ವೈಸರ್ ಬಳಿ ಪರಿಹಾರ ಸಿದ್ಧವಿದೆ: “ಏಯ್, ಇಬ್ಬರು ಹಿಂದೆ ಹತ್ತಿ ಕೂತ್ಕೊಳ್ರೋ!” ಕಂಪನಿ ಕೊಟ್ಟ ಕಬ್ಬಿಣದ ಪ್ರತಿಭಾರದ ಮೇಲೆ ಗುತ್ತಿಗೆ ಹುಡುಗರ ಪ್ರತಿಭಾರ. ದೊಡ್ಡ ಗಾಡಿಗೆ ಬಾಡಿಗೆ ಜಾಸ್ತಿ, ಹುಡುಗರು ದಿನಗೂಲಿಗೆ ಸಿಗುತ್ತಾರೆ.

ಸೀಟ್ ಬೆಲ್ಟಿದೆ. ಹಾಕದಿದ್ದರೆ ಬಜರ್ ಬಡಿದುಕೊಳ್ಳುತ್ತದೆಂದು ಅದನ್ನು ಸೀಟಿನ ಬೆನ್ನ ಹಿಂದೆ ಶಾಶ್ವತವಾಗಿ ಸಿಕ್ಕಿಸಿದ್ದಾರೆ. ಸೀಟಂತೂ ಎಲ್ಲಿಗೂ ಬೀಳುವುದಿಲ್ಲ. ಗಾಡಿ ಪಕ್ಕಕ್ಕೆ ಮಗುಚುವಾಗ ಹೊರಗೆ ಹಾರಬಾರದು. ಸ್ಟಿಯರಿಂಗನ್ನು ಬಿಗಿಹಿಡಿದು, ಕಾಲೂರಿ, ಬೀಳುವ ಬದಿಯ ವಿರುದ್ಧ ದಿಕ್ಕಿಗೆ ವಾಲಬೇಕು. ಹಾರಿದವನ ಮೇಲೆ, ಅವನನ್ನು ಕಾಯಬೇಕಾದ ತಲೆಮೇಲಿನ ಚೌಕಟ್ಟೇ ಬಂದು ಬೀಳುತ್ತದೆ. ಜೀವಭಯ ಮಾತ್ರ “ಹಾರು” ಎನ್ನುತ್ತದೆ. ಹಾಗಾಗಿ ಇದನ್ನು ಕಲಿಸಿಯೇ ಕೊಡಬೇಕು. ಕಲಿಸುವವರಿದ್ದರು ಕೂಡ, ಆದರೆ ಅದು ಇದ್ದದ್ದು ನಲವತ್ತಮೂರನೇ ಸ್ಲೈಡಿನಲ್ಲಿ, ಊಟದ ಗಂಟೆ ಹೊಡೆದದ್ದು ಮೂವತ್ತಕ್ಕೆ.

ತರಬೇತಿ ಕಾರ್ಮಿಕನ ಹಕ್ಕು ಎಂದು ಕಾರ್ಖಾನೆ ಕಾಯ್ದೆಗೆ 1987ರಲ್ಲೇ ತಿದ್ದುಪಡಿ ತಂದು ಬರೆದರು. ಹಕ್ಕು ಸಂದಾಯವಾದದ್ದಕ್ಕೆ ಸಾಕ್ಷಿ ಬೇಕಲ್ಲ, ಅದಕ್ಕೇ ಆ ರಿಜಿಸ್ಟರು. ಗೋಡೌನಿನಲ್ಲಿ ಅತಿ ಜೋಪಾನವಾಗಿರುವ ವಸ್ತು ಅದೊಂದೇ: ಬೀಗ ಹಾಕಿದ ಬೀರುವಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ. ಗಾಡಿ ಮಗುಚಿದ ದಿನ ಆಂಬುಲೆನ್ಸಿಗಿಂತ ಮೊದಲು ಹೊರಬರುತ್ತದೆ. “ನೋಡಿ ಸಾರ್, ಅವನದೇ ಸಹಿ. ಎಲ್ಲ ಹೇಳಿಕೊಟ್ಟಿದ್ವಿ.”

ವಿಚಾರಣೆಯೂ ನಡೆಯುತ್ತದೆ. ಗಂಟೆಗೆ ಎಷ್ಟು ಲಾರಿ ತುಂಬಬೇಕೆಂಬ ಟಾರ್ಗೆಟ್ಟಿನ ಬಗ್ಗೆ ಅದರಲ್ಲಿ ಚಕಾರವಿಲ್ಲ. ಕಾರಣ: ಚಾಲಕನ ನಿರ್ಲಕ್ಷ್ಯ. ಶಿಫಾರಸು: ಎಲ್ಲ ಚಾಲಕರಿಗೂ ಮರುತರಬೇತಿ. ತರಬೇತುದಾರರು: ಅದೇ ಸುಪರ್‌ವೈಸರ್ ಸಾಹೇಬರು.